ಉದ್ಘಾಟನೆ ಕಲ್ಲಿನಲ್ಲಿ ಇಲ್ಲದ ಹೆಸರು

ಆಟೋಮೇಷನ್ ಅನ್ನೋ ಪದ ಸುದ್ದಿಯಲ್ಲಿ ಬಂದಾಗಲೆಲ್ಲ ಚರ್ಚೆ ಒಂದೇ ದಾರಿ ಹಿಡಿಯುತ್ತೆ. ರೋಬೋ ಬಂತು, ಕೆಲಸ ಹೋಯ್ತು. ಎಷ್ಟು ಜನರದ್ದು ಹೋಯ್ತು, ಇನ್ನೆಷ್ಟು ಜನರದ್ದು ಹೋಗುತ್ತೆ? ಒಂದು ಕಡೆ ಕಂಪನಿಯವರು, ಇನ್ನೊಂದು ಕಡೆ ಯೂನಿಯನ್ನಿನವರು, ನಡುವೆ ನನ್ನಂಥ ನಿರೂಪಕ. ಆ ಪ್ರಶ್ನೆ ಬೇಡ ಅಂತ ನಾನು ಹೇಳಲ್ಲ. ಅನ್ನದ ಪ್ರಶ್ನೆ ಅದು, ಕೇಳಲೇಬೇಕು. ಆದರೆ ಅದರ ಪಕ್ಕದಲ್ಲೇ ಇನ್ನೊಂದು ಪ್ರಶ್ನೆ ನೂರಿಪ್ಪತ್ತು ವರ್ಷದಿಂದ ನಿಂತಿದೆ. ಅದನ್ನು ಯಾರೂ ಕೇಳಲ್ಲ.

ಆ ಯಂತ್ರವನ್ನು ಅಲ್ಲಿ ತಂದು ನಿಲ್ಲಿಸಿದವರು ಯಾರು?

ರೋಬೋ ತಾನಾಗಿ ನಡೆದುಕೊಂಡು ಕಾರ್ಖಾನೆ ಒಳಗೆ ಬರಲ್ಲ. ಮರದ ಪೆಟ್ಟಿಗೆಯಲ್ಲಿ, ಲಾರಿ ಮೇಲೆ, ಬಿಡಿಬಿಡಿಯಾಗಿ ಬರುತ್ತೆ. ಅದನ್ನು ಬಿಚ್ಚಿ, ಜೋಡಿಸಿ, ನೆಲಕ್ಕೆ ಬೋಲ್ಟು ಹಾಕಿ, ಕರೆಂಟು ಕೊಟ್ಟು, ಗಾಳಿ ಕೊಟ್ಟು, ಅದು ಮೊದಲ ಸಲ ಕೈ ಎತ್ತುವ ಹಾಗೆ ಮಾಡೋದು ಒಬ್ಬ ಮನುಷ್ಯ. ಅವನನ್ನು ಎಲೆಕ್ಟ್ರೋಮೆಕ್ಯಾನಿಕಲ್ ಫಿಟ್ಟರ್ ಅಂತಾರೆ. ಶಾಪ್ ಫ್ಲೋರಿನಲ್ಲಿ ಅಷ್ಟುದ್ದ ಯಾರೂ ಹೇಳಲ್ಲ, ಬರೀ ಫಿಟ್ಟರ್. ಒಂದು ಕೈಯಲ್ಲಿ ಸ್ಪ್ಯಾನರು, ಇನ್ನೊಂದು ಕೈಯಲ್ಲಿ ಟೆಸ್ಟರು. ಇವತ್ತು ಅವನ ಇತಿಹಾಸ ಹೇಳ್ತೀನಿ. ಇದು ನಮ್ಮ ರಾಜ್ಯದ ಇತಿಹಾಸವೂ ಹೌದು.

ಶುರು ಮಾಡೋಣ 1902ರಿಂದ. ಜಾಗ ಶಿವನಸಮುದ್ರ.

ಕಾವೇರಿಯ ಜಲಪಾತದಿಂದ ಕರೆಂಟು ಮಾಡಿ, ಸುಮಾರು 92 ಮೈಲಿ ದೂರದ ಕೋಲಾರ ಚಿನ್ನದ ಗಣಿಗೆ ತಂತಿ ಎಳೆದು ಕಳಿಸಬೇಕು ಅನ್ನೋದು ಯೋಜನೆ. ಅಷ್ಟು ದೂರ ವಿದ್ಯುತ್ ಸಾಗಿಸೋದು ಆ ಕಾಲಕ್ಕೆ ಜಗತ್ತೇ ತಿರುಗಿ ನೋಡುವ ಸಾಹಸ. ಹಿಂದೆ ನಿಂತವರು ದಿವಾನ್ ಶೇಷಾದ್ರಿ ಅಯ್ಯರ್. ಎಂಜಿನಿಯರ್ ಜೋಲಿ ಡಿ ಲಾಟ್ಬಿನಿಯರ್. ನೀರಿನ ಟರ್ಬೈನು ಬಂದಿದ್ದು ಸ್ವಿಟ್ಜರ್‌ಲೆಂಡಿನ ಎಷರ್ ವಿಸ್ ಕಂಪನಿಯಿಂದ. ಜನರೇಟರು ಬಂದಿದ್ದು ಅಮೆರಿಕದ ಜನರಲ್ ಎಲೆಕ್ಟ್ರಿಕ್‌ನಿಂದ. ರೈಲು ಇಳಿದ ಮೇಲೆ ಆ ಭಾರೀ ಸಾಮಾನುಗಳನ್ನು ಎಳೆದಿದ್ದು ಎತ್ತು ಮತ್ತು ಆನೆ. 1902ರ ಜೂನ್ 30ಕ್ಕೆ ಕರೆಂಟು ಕೆಜಿಎಫ್ ತಲುಪಿತು. ಅದನ್ನು ನೋಡೋದಕ್ಕೆ ಶೇಷಾದ್ರಿ ಅಯ್ಯರ್ ಇರಲಿಲ್ಲ. 1901ರ ಸೆಪ್ಟೆಂಬರಿನಲ್ಲೇ ತೀರಿಕೊಂಡಿದ್ದರು.

ಈಗ ಸ್ವಲ್ಪ ಯೋಚನೆ ಮಾಡಿ. ಟರ್ಬೈನು ಒಂದು ದೇಶದ್ದು, ಜನರೇಟರು ಇನ್ನೊಂದು ದೇಶದ್ದು. ಎರಡನ್ನೂ ಒಂದೇ ಅಕ್ಷಕ್ಕೆ ಕೂರಿಸಬೇಕು. ಕೂದಲೆಳೆಯಷ್ಟು ಓರೆಯಾದರೂ ಬೇರಿಂಗು ಸುಟ್ಟು ಹೋಗುತ್ತೆ. ಒಂದು ಭಾಗ ನೀರಿನದ್ದು, ಕಬ್ಬಿಣದ್ದು. ಇನ್ನೊಂದು ಭಾಗ ತಾಮ್ರದ್ದು, ವಿದ್ಯುತ್ತಿನದ್ದು. ಎರಡೂ ಗೊತ್ತಿರುವ ಕೈ ಇಲ್ಲದೆ ಅದು ತಿರುಗೋದು ಸಾಧ್ಯವೇ ಇಲ್ಲ. ದಿವಾನರ ಹೆಸರು ನಮಗೆ ಗೊತ್ತು. ಗೊತ್ತಿರಬೇಕು, ದೊಡ್ಡ ಮನುಷ್ಯ. ಎಂಜಿನಿಯರ್ ಹೆಸರು ಪುಸ್ತಕದಲ್ಲಿದೆ. ಕಂಪನಿ ಹೆಸರು ಯಂತ್ರದ ಮೇಲೇ ಇದೆ. ಆ ಎರಡು ಯಂತ್ರಗಳನ್ನು ಒಂದಾಗಿಸಿದ ಕೈಗಳ ಹೆಸರು? ಆನೆ ಎಳೆಯಿತು ಅನ್ನೋದು ನಮಗೆ ನೆನಪಿದೆ. ಬೋಲ್ಟು ಬಿಗಿದವನ ನೆನಪು ಇಲ್ಲ.

1905ರ ಆಗಸ್ಟ್ 5ಕ್ಕೆ ಬೆಂಗಳೂರಿನ ಬೀದಿಗೂ ವಿದ್ಯುತ್ ದೀಪ ಬಂತು. ದೀಪದ ಹಿಂದೆಯೇ ಬಂದಿದ್ದು ಮೋಟಾರು. ಹಳೇ ಕಾರ್ಖಾನೆಗಳಲ್ಲಿ ಒಂದೇ ದೊಡ್ಡ ಎಂಜಿನ್ನು, ಮಾಡಿನ ಕೆಳಗೆ ಉದ್ದಕ್ಕೆ ಒಂದು ಶಾಫ್ಟು, ಅದರಿಂದ ಪ್ರತಿ ಯಂತ್ರಕ್ಕೂ ಚರ್ಮದ ಬೆಲ್ಟು. ಆಮೇಲೆ ಒಂದೊಂದು ಯಂತ್ರಕ್ಕೂ ಅದರದ್ದೇ ಮೋಟಾರು ಬಂತು. ಆಗ ಕೆಲಸ ಎರಡು ಹೋಳಾಯ್ತು. ಕಬ್ಬಿಣ ನೋಡುವವನು ಫಿಟ್ಟರ್. ಕರೆಂಟು ನೋಡುವವನು ಎಲೆಕ್ಟ್ರಿಷಿಯನ್. ಯಂತ್ರ ನಿಂತರೆ ಇವನು ಅವನ ಕಡೆ ಕೈ ತೋರಿಸ್ತಾನೆ, ಅವನು ಇವನ ಕಡೆ. ಯಾವ ಕಾರ್ಖಾನೆಯಲ್ಲಾದರೂ ಕೇಳಿ ನೋಡಿ, ಈ ಜಗಳ ಇವತ್ತಿಗೂ ಮುಗಿದಿಲ್ಲ.

ಈ ಕೈಗಳನ್ನು ತಯಾರು ಮಾಡಬೇಕು ಅಂತ ನಮ್ಮಲ್ಲಿ ಮೊದಲು ಅರ್ಥ ಮಾಡಿಕೊಂಡವರಲ್ಲಿ ಸರ್ ಎಂ. ವಿಶ್ವೇಶ್ವರಯ್ಯ ಒಬ್ಬರು. ಭದ್ರಾವತಿ ಕಬ್ಬಿಣದ ಕಾರ್ಖಾನೆಯ ಸೇವೆಗಾಗಿ ತಮಗೆ ಸಲ್ಲಬೇಕಿದ್ದ ಹಣವನ್ನು ಅವರು ಮನೆಗೆ ಒಯ್ಯಲಿಲ್ಲ. ಕಸುಬು ಕಲಿಸುವ ಶಾಲೆ ಮಾಡಿ ಅಂದರು. 1943ರಲ್ಲಿ ಬೆಂಗಳೂರಿನಲ್ಲಿ ಶ್ರೀ ಜಯಚಾಮರಾಜೇಂದ್ರ ಆಕ್ಯುಪೇಷನಲ್ ಇನ್‌ಸ್ಟಿಟ್ಯೂಟ್ ಶುರುವಾಗಿದ್ದು ಹಾಗೆ. ಇವತ್ತು ಎಲ್ಲರೂ ಎಸ್‌ಜೆಪಿ ಅಂತ ಕರೆಯೋದು ಅದನ್ನೇ. ಅಣೆಕಟ್ಟು ಕಟ್ಟಿದ ವಿಶ್ವೇಶ್ವರಯ್ಯನವರ ಬಗ್ಗೆ ನಾವು ವರ್ಷಕ್ಕೊಂದು ದಿನ ಭಾಷಣ ಮಾಡ್ತೀವಿ. ಫಿಟ್ಟರ್‌ಗಳಿಗೆ ಶಾಲೆ ಕಟ್ಟಿಸಿದ ವಿಶ್ವೇಶ್ವರಯ್ಯ ನಮ್ಮ ಭಾಷಣದಲ್ಲಿ ಬರೋದೇ ಇಲ್ಲ.

ಆ ಕಾಲದಲ್ಲಿ ರಾಜ್ಯಕ್ಕೆ ಕಾರ್ಖಾನೆಗಳ ಸಾಲೇ ಬಂತು. 1940ರಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್. 1941ರಲ್ಲಿ ಹರಿಹರದಲ್ಲಿ ಲೇತ್ ತಯಾರಿಸುವ ಮೈಸೂರು ಕಿರ್ಲೋಸ್ಕರ್. 1951ರಲ್ಲಿ ಮೈಕೋ. 1953ರಲ್ಲಿ ಜಾಲಹಳ್ಳಿಯಲ್ಲಿ ಎಚ್‌ಎಂಟಿ, ಸ್ವಿಟ್ಜರ್‌ಲೆಂಡಿನ ಓರ್ಲಿಕಾನ್ ಕಂಪನಿಯ ಸಹಯೋಗದಲ್ಲಿ. ಎಚ್‌ಎಂಟಿ ಅಂದರೆ ಜನಕ್ಕೆ ನೆನಪಾಗೋದು ಅಪ್ಪನ ಕೈಗಡಿಯಾರ. ಆದರೆ ಗಡಿಯಾರ ಬಂದಿದ್ದು 60ರ ದಶಕದಲ್ಲಿ, ಜಪಾನಿನ ಸಿಟಿಜನ್ ಜೊತೆ ಸೇರಿ. ಅದು ಹುಟ್ಟಿದ್ದು ಯಂತ್ರ ಮಾಡುವ ಯಂತ್ರಕ್ಕಾಗಿ. ತಾಯಿ ಯಂತ್ರ ಅಂತಾರೆ ಅದನ್ನು. ಲೇತು, ಮಿಲ್ಲಿಂಗು, ಡ್ರಿಲ್ಲಿಂಗು. ಇವಿಲ್ಲದೆ ಸೈಕಲ್ಲಿನಿಂದ ವಿಮಾನದ ತನಕ ಏನೂ ಹುಟ್ಟಲ್ಲ.

ಸರ್ಕಾರವೂ ಸುಮ್ಮನಿರಲಿಲ್ಲ. 1950ರಲ್ಲಿ ಐಟಿಐಗಳ ಕುಶಲಕರ್ಮಿ ತರಬೇತಿ ಯೋಜನೆ ಬಂತು. 1961ರಲ್ಲಿ ಅಪ್ರೆಂಟಿಸ್ ಕಾಯ್ದೆ ಬಂತು. 1959ರಲ್ಲಿ ತಲಶ್ಶೇರಿಯಲ್ಲಿ ಸ್ವಿಸ್ ನೆರವಿನಿಂದ ಶುರುವಾದ ಎನ್‌ಟಿಟಿಎಫ್ ಮುಂದೆ ಬೆಂಗಳೂರಿಗೂ ಬಂತು. 1972ರಲ್ಲಿ ಡೆನ್ಮಾರ್ಕ್ ನೆರವಿನ ಸರ್ಕಾರಿ ಟೂಲ್ ರೂಂ ಬಂತು. ಬೆಂಗಳೂರು ಐಟಿ ಸಿಟಿ ಆಗೋದಕ್ಕೆ ದಶಕಗಳ ಮೊದಲೇ ಐಟಿಐ ಸಿಟಿ ಆಗಿತ್ತು. ಇದನ್ನು ನಾನು ತಮಾಷೆಗೆ ಹೇಳ್ತಿಲ್ಲ. ಹೀಗೆ ತಯಾರಾದ ಕೈಗಳೇ ರಾಜಾಜಿನಗರದಲ್ಲಿ, ಪೀಣ್ಯದಲ್ಲಿ ಒಂದು ಶೆಡ್ಡು, ಎರಡು ಲೇತು ಇಟ್ಟುಕೊಂಡು ಸ್ವಂತ ಕಸುಬು ಶುರು ಮಾಡಿದವು.

ಇನ್ನು ಆಟೋಮೇಷನ್ ಕಥೆಗೆ ಬರೋಣ.

ಆ ಪದಕ್ಕೆ ಕಾರ್ಖಾನೆಯಲ್ಲಿ ಜಾಗ ಸಿಕ್ಕಿದ್ದು 1947ರಲ್ಲಿ. ಅಮೆರಿಕದ ಫೋರ್ಡ್ ಕಂಪನಿ ಆಟೋಮೇಷನ್ ವಿಭಾಗ ಅಂತಲೇ ಒಂದನ್ನು ತೆರೆಯಿತು. 1961ರಲ್ಲಿ ನ್ಯೂಜೆರ್ಸಿಯ ಜನರಲ್ ಮೋಟಾರ್ಸ್ ಕಾರ್ಖಾನೆಯಲ್ಲಿ ಯುನಿಮೇಟ್ ಅನ್ನೋ ಮೊದಲ ಕೈಗಾರಿಕಾ ರೋಬೋ ಕೆಲಸಕ್ಕೆ ನಿಂತಿತು. ಕೆಲಸ ಏನು? ಅಚ್ಚಿನಿಂದ ಬರುವ ಕಾದ ಲೋಹದ ತುಂಡುಗಳನ್ನು ಎತ್ತಿಡೋದು. ಮನುಷ್ಯನ ಕೈ ಸುಡುವ ಜಾಗ.

ಆದರೆ ನಿಜವಾದ ತಿರುವು ಬಂದಿದ್ದು 1968ರಲ್ಲಿ. ಅದು ಕಣ್ಣಿಗೆ ಕಾಣೋ ಅಂಥದ್ದಲ್ಲ, ಅದಕ್ಕೇ ಯಾರೂ ಅದರ ಬಗ್ಗೆ ಮಾತಾಡಲ್ಲ. ಆಗೆಲ್ಲ ಯಂತ್ರವನ್ನು ನಡೆಸುತ್ತಿದ್ದದ್ದು ರಿಲೇಗಳು. ಟಕ್ ಟಕ್ ಅಂತ ಸದ್ದು ಮಾಡುವ ವಿದ್ಯುತ್ ಸ್ವಿಚ್ಚುಗಳು. ಬೀರುವಿನಷ್ಟು ದೊಡ್ಡ ಪ್ಯಾನಲ್ಲು, ಒಳಗೆ ನೂರಾರು ರಿಲೇ, ಸಾವಿರಾರು ತಂತಿ. ಕಾರಿನ ಮಾಡೆಲ್ ಬದಲಾದರೆ ಇಡೀ ಪ್ಯಾನಲ್ಲಿನ ವೈರಿಂಗು ಕಿತ್ತು ಹೊಸದಾಗಿ ಮಾಡಬೇಕು. ಜನರಲ್ ಮೋಟಾರ್ಸ್‌ನ ಹೈಡ್ರಾಮ್ಯಾಟಿಕ್ ವಿಭಾಗ ಇದಕ್ಕೊಂದು ಪರಿಹಾರ ಬೇಕು ಅಂತ ಕೇಳಿತು. ಬೆಡ್‌ಫರ್ಡ್ ಅಸೋಸಿಯೇಟ್ಸ್ ಅನ್ನೋ ಸಂಸ್ಥೆಯ ಡಿಕ್ ಮೋರ್ಲೆ ಮತ್ತು ಸಂಗಡಿಗರು ಒಂದು ಪೆಟ್ಟಿಗೆ ಮಾಡಿದರು. ಅದು ಆ ಸಂಸ್ಥೆಯ 84ನೇ ಪ್ರಾಜೆಕ್ಟು. ಹಾಗಾಗಿ ಅದಕ್ಕೆ ಮೋಡಿಕಾನ್ 084 ಅಂತ ಹೆಸರು. 1969ರಲ್ಲಿ ಅದು ಜನರಲ್ ಮೋಟಾರ್ಸ್ ಸೇರಿತು. ಇವತ್ತು ಪಿಎಲ್‌ಸಿ ಅಂತೀವಲ್ಲ, ಹಾಲಿನ ಡೇರಿಯಿಂದ ಸಿಮೆಂಟ್ ಕಾರ್ಖಾನೆವರೆಗೆ ಎಲ್ಲ ಕಡೆ ಇರುವ ಆ ಪೆಟ್ಟಿಗೆ, ಅದರ ಮೂಲಪುರುಷ ಇದೇ.

ಇಲ್ಲಿ ಒಂದು ವಿಷಯ ಗಮನಿಸಿ. ಆ ಪೆಟ್ಟಿಗೆ ಒಂದು ಕಂಪ್ಯೂಟರೇ. ಆದರೆ ಅದಕ್ಕೆ ಕಂಪ್ಯೂಟರ್ ಭಾಷೆ ಹಾಕಲಿಲ್ಲ. ಲ್ಯಾಡರ್ ಅಂದರೆ ಏಣಿಚಿತ್ರ, ಅದನ್ನು ಹಾಕಿದರು. ಎರಡು ಕಡೆ ಎರಡು ಉದ್ದ ಗೆರೆ, ನಡುವೆ ಮೆಟ್ಟಿಲುಗಳು, ಒಂದೊಂದು ಮೆಟ್ಟಿಲಿನಲ್ಲಿ ಒಂದೊಂದು ಸ್ವಿಚ್ಚು, ರಿಲೇ. ಯಾಕೆ? ಯಾಕಂದ್ರೆ ಕಾರ್ಖಾನೆಯ ಎಲೆಕ್ಟ್ರಿಷಿಯನ್‌ಗಳು, ಫಿಟ್ಟರ್‌ಗಳು ಓದುತ್ತಿದ್ದದ್ದು ಅದನ್ನೇ. ರಾತ್ರಿ ಎರಡು ಗಂಟೆಗೆ ಯಂತ್ರ ನಿಂತರೆ ಕಂಪ್ಯೂಟರ್ ವಿಜ್ಞಾನಿ ಬರಲ್ಲ. ಶಿಫ್ಟಿನ ಫಿಟ್ಟರ್ ಬರ್ತಾನೆ. ಅವನಿಗೆ ಅರ್ಥ ಆಗದ ಯಂತ್ರ ಇಟ್ಟುಕೊಂಡು ಏನು ಮಾಡೋದು? ಆಟೋಮೇಷನ್ ಗೆದ್ದಿದ್ದು ಕುಶಲಕರ್ಮಿಯನ್ನು ಹೊರಗೆ ಹಾಕಿ ಅಲ್ಲ. ಅವನ ಭಾಷೆಯನ್ನು ತಾನು ಕಲಿತು. ಅರ್ಧ ಶತಮಾನ ದಾಟಿದರೂ ಆ ಏಣಿಚಿತ್ರ ಇವತ್ತಿಗೂ ಬಳಕೆಯಲ್ಲಿದೆ.

ಅದೇ 1969ರಲ್ಲಿ ಜಪಾನಿನಲ್ಲೂ ಒಂದು ಬೆಳವಣಿಗೆ ಆಯ್ತು. ಯಾಸ್ಕಾವಾ ಎಲೆಕ್ಟ್ರಿಕ್ ಕಂಪನಿಯ ಎಂಜಿನಿಯರ್ ತೆತ್ಸುರೊ ಮೋರಿ ಒಂದು ಹೊಸ ಪದ ಹುಟ್ಟುಹಾಕಿದರು. ಮೆಕಟ್ರಾನಿಕ್ಸ್. ಮೆಕ್ಯಾನಿಕ್ಸ್ ಮತ್ತು ಎಲೆಕ್ಟ್ರಾನಿಕ್ಸ್ ಎರಡೂ ಸೇರಿ ಒಂದು. ಫಿಟ್ಟರ್ ಮತ್ತು ಎಲೆಕ್ಟ್ರಿಷಿಯನ್ ನಡುವಿನ ಆ ಹಳೇ ಗೋಡೆ ಹೆಸರಿನಲ್ಲೇ ಒಡೆಯಿತು. ನಮ್ಮ ಬಿಡದಿಯಲ್ಲಿ 1999ರಲ್ಲಿ ಟೊಯೋಟಾ ಕಿರ್ಲೋಸ್ಕರ್ ಕಾರು ತಯಾರಿಸೋದಕ್ಕೆ ಶುರು ಮಾಡಿತು. 2007ರಲ್ಲಿ ಅಲ್ಲೇ ತರಬೇತಿ ಶಾಲೆಯನ್ನೂ ತೆರೆಯಿತು. ಹತ್ತನೇ ತರಗತಿ ಮುಗಿಸಿದ ಹಳ್ಳಿ ಮಕ್ಕಳನ್ನು ಕರೆದು ಮೂರು ವರ್ಷ ಕಲಿಸುವ ಶಾಲೆ. ಅಲ್ಲಿನ ವಿಭಾಗಗಳಲ್ಲಿ ಮೆಕಟ್ರಾನಿಕ್ಸ್ ಕೂಡ ಒಂದು.

ಸರಿ, ಈ ಕೆಲಸ ಅಂದರೆ ನಿಜಕ್ಕೂ ಏನು? ಟಿವಿ ನೋಡುವ ನಿಮಗೆ ಅರ್ಥ ಆಗೋ ಹಾಗೆ ಹೇಳ್ತೀನಿ.

ಮೊದಲು ನೆಲ. ಕಾಂಕ್ರೀಟಿಗೆ ಆ್ಯಂಕರ್ ಬೋಲ್ಟು ಕೂರಿಸಬೇಕು. ಯಂತ್ರದ ಕಾಲ ಕೆಳಗೆ ಕಾಗದದಷ್ಟು ತೆಳ್ಳಗಿನ ಲೋಹದ ಹಾಳೆ, ಶಿಮ್ ಅಂತಾರೆ, ಒಂದೊಂದೇ ತುರುಕಿ ಮಟ್ಟ ಸರಿ ಮಾಡಬೇಕು. ಡಯಲ್ ಗೇಜ್ ಹಿಡಿದು ಮಿಲಿಮೀಟರಿನ ನೂರನೇ ಒಂದು ಭಾಗದ ಲೆಕ್ಕ. ಆಮೇಲೆ ಕೇಬಲ್ಲು. ಟ್ರೇ ಮೇಲೆ ಎಳೆಯಬೇಕು, ಗ್ಲ್ಯಾಂಡ್ ಬಿಗಿಯಬೇಕು, ತುದಿಗೆ ಲಗ್ ಒತ್ತಬೇಕು, ಪ್ರತಿ ತಂತಿಗೂ ಡ್ರಾಯಿಂಗಿನಲ್ಲಿರುವ ನಂಬರಿನ ಫೆರೂಲ್ ಹಾಕಬೇಕು. ಒಂದು ನಂಬರು ತಪ್ಪಿದರೆ ಮುಂದೆ ಯಾರೋ ಒಬ್ಬ ಇಡೀ ರಾತ್ರಿ ಹುಡುಕಬೇಕು. ಅರ್ಥಿಂಗು ನೋಡಬೇಕು, ಮೆಗ್ಗರ್ ಹಚ್ಚಿ ಇನ್ಸುಲೇಷನ್ ನೋಡಬೇಕು. ಗಾಳಿಯ ಪೈಪು ಸೋರುತ್ತಾ ನೋಡಬೇಕು. ಮೋಟಾರು ಉಲ್ಟಾ ತಿರುಗಿದರೆ ಮೂರು ಫೇಸಿನಲ್ಲಿ ಎರಡನ್ನು ಅದಲುಬದಲು ಮಾಡಬೇಕು. ಸೆನ್ಸರ್ ಎರಡು ಮಿಲಿಮೀಟರ್ ಆಚೆ ಹೋದರೆ ಯಂತ್ರ ಕುರುಡಾಗುತ್ತೆ, ಅದನ್ನು ಜಾಗಕ್ಕೆ ತರಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಆ ಕೆಂಪು ಎಮರ್ಜೆನ್ಸಿ ಬಟನ್ ಒತ್ತಿದರೆ ನಿಜವಾಗಿ ನಿಲ್ಲುತ್ತಾ ಅಂತ ಪರೀಕ್ಷೆ ಮಾಡಬೇಕು. ಇಷ್ಟಾದ ಮೇಲೆ ಖಾಲಿ ಓಟ. ಆಮೇಲೆ ಮಾಲು ಹಾಕಿ ಓಟ. ಅದಾದ ಮೇಲೆ ನಿಂಬೆಹಣ್ಣು, ಕುಂಕುಮ, ತೆಂಗಿನಕಾಯಿ.

ಆ ಹೊತ್ತಿಗೆ ಕೋಟು ಹಾಕಿದವರು ಬರ್ತಾರೆ. ಫಿಟ್ಟರ್ ಮುಂದಿನ ಊರಿಗೆ ಹೊರಟಿರ್ತಾನೆ.

ಈಗ ಸ್ವಲ್ಪ ಕಹಿ ಮಾತು. ಯಂತ್ರ ಓಡುವಾಗ ಅದರ ಸುತ್ತ ಬೇಲಿ ಇರುತ್ತೆ, ಬಾಗಿಲಿಗೆ ಸ್ವಿಚ್ಚು ಇರುತ್ತೆ. ಕೂರಿಸುವಾಗ, ರಿಪೇರಿ ಮಾಡುವಾಗ ಅದೆಲ್ಲ ಇರಲ್ಲ. ಇದ್ದರೂ ಅದರ ಒಳಗೇ ಹೋಗಬೇಕು. ಹಾಗಾಗಿ ಯಂತ್ರದ ಬಾಯಿಗೆ ಅತಿ ಹತ್ತಿರ ನಿಲ್ಲುವವನು ಅದನ್ನು ನಡೆಸುವವನಲ್ಲ, ಕೂರಿಸುವವನು ಮತ್ತು ಸರಿ ಮಾಡುವವನು. 1979ರ ಜನವರಿ 25ರಂದು ಅಮೆರಿಕದ ಮಿಷಿಗನ್ ರಾಜ್ಯದ ಫ್ಲಾಟ್ ರಾಕ್‌ನಲ್ಲಿ ಒಬ್ಬ ಕಾರ್ಮಿಕ ಬಿಡಿಭಾಗ ತರೋದಕ್ಕೆ ಸಂಗ್ರಹದ ಕಟ್ಟೆ ಹತ್ತಿದ. ಹಿಂದಿನಿಂದ ಬಂದ ಯಂತ್ರದ ತೋಳು ಅವನನ್ನು ಕೊಂದಿತು. ರೋಬೋನಿಂದಾದ ಮೊದಲ ಸಾವು ಅಂತ ದಾಖಲಾಗಿರೋದು ಅದೇ. ಅವನ ಕುಟುಂಬಕ್ಕೆ ಒಂದು ಕೋಟಿ ಡಾಲರ್ ಕೊಡಿ ಅಂತ ಜ್ಯೂರಿ 1983ರಲ್ಲಿ ಹೇಳಿತು. 1981ರಲ್ಲಿ ಜಪಾನಿನ ಆಕಾಶಿಯಲ್ಲಿ ಸತ್ತವನು ನಿರ್ವಹಣಾ ಕೆಲಸಗಾರ. ಬೇಲಿ ದಾಟಿ ಕೆಟ್ಟ ರೋಬೋ ನೋಡಲು ಹೋಗಿದ್ದ. ಅದು ಪೂರ್ತಿ ಆಫ್ ಆಗಿರಲಿಲ್ಲ.

1989ರಲ್ಲಿ ಅಮೆರಿಕ ಒಂದು ನಿಯಮ ತಂದಿತು. ಲಾಕ್ ಔಟ್, ಟ್ಯಾಗ್ ಔಟ್. ಯಂತ್ರದ ಒಳಗೆ ಕೈ ಹಾಕುವ ಮೊದಲು ಮೇನ್ ಸ್ವಿಚ್ ಆಫ್ ಮಾಡಿ ಬೀಗ ಹಾಕಬೇಕು. ಕೆಲಸ ಮಾಡುವ ಪ್ರತಿಯೊಬ್ಬನದ್ದೂ ಬೇರೆ ಬೇರೆ ಬೀಗ. ಕೀಲಿ ಅವನವನ ಕೈಯಲ್ಲೇ. ಅವನು ಹೊರಗೆ ಬಂದು ತನ್ನ ಬೀಗ ತೆಗೆಯುವ ತನಕ ಕಂಪನಿ ಮಾಲೀಕ ಬಂದು ನಿಂತರೂ ಯಂತ್ರ ಚಾಲೂ ಆಗಬಾರದು. ಎಷ್ಟು ಸರಳ! ಒಂದು ಬೀಗದ ಬೆಲೆ ಎಷ್ಟು? ನೂರೋ ಇನ್ನೂರೋ ರೂಪಾಯಿ.

ನಮ್ಮಲ್ಲಿ ಕಾನೂನು ಇರಲಿಲ್ಲವಾ? ಇತ್ತು. ಅಮೆರಿಕದ ಆ ನಿಯಮಕ್ಕಿಂತ 41 ವರ್ಷ ಮೊದಲೇ ಇತ್ತು. 1948ರ ಕಾರ್ಖಾನೆ ಕಾಯ್ದೆಯ 21ನೇ ಸೆಕ್ಷನ್ ಯಂತ್ರಕ್ಕೆ ಬೇಲಿ ಹಾಕಿ ಅಂದಿತ್ತು. 22ನೇ ಸೆಕ್ಷನ್ ಅದಕ್ಕಿಂತ ಮುಂದೆ ಹೋಗಿತ್ತು. ಚಲಿಸುತ್ತಿರುವ ಯಂತ್ರವನ್ನು ಪರೀಕ್ಷೆ ಮಾಡಲೇಬೇಕಾಗಿ ಬಂದರೆ ವಿಶೇಷ ತರಬೇತಿ ಪಡೆದವನೇ ಮಾಡಬೇಕು. ಅವನು ಮೈಗೆ ಅಂಟಿದ ಬಟ್ಟೆ ಹಾಕಿರಬೇಕು, ಆ ಬಟ್ಟೆಯನ್ನು ಮಾಲೀಕನೇ ಕೊಡಬೇಕು. ಅವನ ಹೆಸರು ರಿಜಿಸ್ಟರಿನಲ್ಲಿ ಬರೆದಿರಬೇಕು.

ಹೆಸರು ಬರೆದಿರಬೇಕು. ಈ ಮಾತು ನೋಡಿದಾಗ ನಾನು ಅಲ್ಲೇ ನಿಂತೆ. ಉದ್ಘಾಟನೆ ಕಲ್ಲಿನ ಮೇಲೆ ಮಂತ್ರಿಗಳ ಹೆಸರಿದೆ, ಶಾಸಕರ ಹೆಸರಿದೆ, ಉಪಸ್ಥಿತಿ ಅಂತ ಹಾಕಿ ಇನ್ನೂ ಹತ್ತು ಹೆಸರಿದೆ. ಶಿವನಸಮುದ್ರದಿಂದ ಬಿಡದಿವರೆಗೆ ಫಿಟ್ಟರ್ ಹೆಸರು ಯಾವ ಕಲ್ಲಿನ ಮೇಲೂ ಇಲ್ಲ. ಅವನ ಹೆಸರು ಬರೆಯಲೇಬೇಕು ಅಂತ ಹೇಳಿದ್ದು ಒಂದೇ ಒಂದು ಪುಸ್ತಕ, ಅಪಾಯದ ರಿಜಿಸ್ಟರು. ಅದರಲ್ಲಾದರೂ ಸರಿಯಾಗಿ ಬರೆದಿದ್ದಾರಾ?

ಯಾಕೆ ಕೇಳ್ತೀನಿ ಅಂದರೆ, ಯಂತ್ರ ಕೂರಿಸುವ ಕೆಲಸ ಇವತ್ತು ಬಹುಪಾಲು ಗುತ್ತಿಗೆ ಕೆಲಸ. ಯಂತ್ರ ಮಾರಿದ ಕಂಪನಿ ಒಬ್ಬ ಗುತ್ತಿಗೆದಾರನಿಗೆ ಕೊಡುತ್ತೆ, ಅವನು ಇನ್ನೊಬ್ಬನಿಗೆ. ಕೊನೆಗೆ ಸ್ಪ್ಯಾನರ್ ಹಿಡಿಯುವ ಹುಡುಗ ಯಾರ ನೌಕರ? ಕಾರ್ಖಾನೆಯವರನ್ನು ಕೇಳಿದರೆ ನಮ್ಮವನಲ್ಲ ಅಂತಾರೆ. ಮಾರಿದವರೂ ನಮ್ಮವನಲ್ಲ ಅಂತಾರೆ. ಗೇಟ್ ಪಾಸಿನಲ್ಲಿ ವಿಸಿಟರ್ ಅಂತ ಬರೆದಿರುತ್ತೆ. ಯಂತ್ರಕ್ಕೆ ಜೀವ ಕೊಡುವವನು ಆ ಕಾರ್ಖಾನೆಯಲ್ಲಿ ಅತಿಥಿ! ಮೇಲಿಂದ ಡೆಡ್‌ಲೈನು. ಮುಂದಿನ ವಾರ ಉದ್ಘಾಟನೆ ಇದೆ, ಇವತ್ತು ರಾತ್ರಿಯೇ ಮುಗಿಸು ಅಂದಾಗ ಮೊದಲು ಬಿಟ್ಟುಹೋಗೋದು ಯಾವುದು? ಶಿಮ್ ಅಲ್ಲ, ಕೇಬಲ್ ಅಲ್ಲ. ಅವನ ಬೀಗ.

ಕೌಶಲದ ವಿಷಯಕ್ಕೂ ಬರಲೇಬೇಕು. ಹರಿಹರದ ಮೈಸೂರು ಕಿರ್ಲೋಸ್ಕರ್ ಇವತ್ತಿಲ್ಲ. ಎಚ್‌ಎಂಟಿ ಕೈಗಡಿಯಾರದ ಕಾರ್ಖಾನೆ ಮುಚ್ಚುವ ತೀರ್ಮಾನ 2016ರಲ್ಲಿ ಕೇಂದ್ರ ಸಂಪುಟದಲ್ಲೇ ಆಯ್ತು. ಕಾರ್ಖಾನೆ ಮುಚ್ಚಿದಾಗ ನಾವು ಜಮೀನಿನ ಬೆಲೆ ಲೆಕ್ಕ ಹಾಕ್ತೀವಿ, ಗುಜರಿಗೆ ಹೋದ ಯಂತ್ರದ ತೂಕ ಲೆಕ್ಕ ಹಾಕ್ತೀವಿ. ಅಲ್ಲಿ ಮೂವತ್ತು ವರ್ಷ ಕೆಲಸ ಮಾಡಿದವನ ಬೆರಳ ತುದಿಯಲ್ಲಿದ್ದ ವಿದ್ಯೆಗೆ ಯಾವ ತಕ್ಕಡಿಯೂ ಇಲ್ಲ. ಆ ಕಾರ್ಖಾನೆಗಳು ಬರೀ ಲೇತು, ಗಡಿಯಾರ ಮಾಡಲಿಲ್ಲ, ಮನುಷ್ಯರನ್ನು ತಯಾರು ಮಾಡಿದವು. ಹಿರಿಯ ಫಿಟ್ಟರ್ ಪಕ್ಕದಲ್ಲಿ ಅಪ್ರೆಂಟಿಸ್ ಹುಡುಗ ನಿಂತು, ಬೈಸಿಕೊಂಡು, ಫೈಲ್ ಉಜ್ಜಿ ಉಜ್ಜಿ ಕಲಿತ. ಗುತ್ತಿಗೆಯಲ್ಲಿ ಆ ಪಕ್ಕದ ಜಾಗ ಎಲ್ಲಿದೆ?

ಹಾಗಾದರೆ ಏನು ಮಾಡಬೇಕು? ನನ್ನ ಬೇಡಿಕೆ ದೊಡ್ಡದೇನಲ್ಲ, ಮೂರೇ ಮೂರು. ಹೊಸ ಯಂತ್ರ ಕೂರಿಸುವ ಪ್ರತಿ ಗುತ್ತಿಗೆಯಲ್ಲೂ ಫಿಟ್ಟರ್‌ಗಳ ಹೆಸರು, ತರಬೇತಿ, ವಿಮೆ ಬರೆದಿರಲಿ. ಗೇಟಿನ ಒಳಗೆ ಕಾಲಿಟ್ಟ ಮೇಲೆ ಅವನು ಯಾರ ನೌಕರನಾದರೂ ಸರಿ, ಅವನ ಜೀವದ ಹೊಣೆ ಕಾರ್ಖಾನೆಯದ್ದೇ ಆಗಲಿ. ಎರಡನೆಯದು, ನಮ್ಮ ಐಟಿಐಗಳಲ್ಲಿ ಫಿಟ್ಟರ್ ಹುಡುಗನಿಗೆ ಪಿಎಲ್‌ಸಿ ಪೆಟ್ಟಿಗೆಯನ್ನು ಚಿತ್ರದಲ್ಲಿ ತೋರಿಸೋದು ಸಾಕು, ಕೈಗೆ ಕೊಡಿ. ಮೂರನೆಯದು, ಅವನ ಕೈಗೆ ಒಂದು ಬೀಗ ಕೊಡಿ, ಅದರ ಕೀಲಿಯನ್ನು ಅವನಿಂದ ಯಾರೂ ಕಿತ್ತುಕೊಳ್ಳಬೇಡಿ.

ಆಟೋಮೇಷನ್ ಬರುತ್ತೆ. ಯಾರು ಬೇಡ ಅಂದರೂ ಬರುತ್ತೆ. ಆದರೆ ಅದು ಬರೋದು ಮರದ ಪೆಟ್ಟಿಗೆಯಲ್ಲೇ. ಬಿಚ್ಚೋದಕ್ಕೆ ಒಬ್ಬ ಬೇಕೇ ಬೇಕು. ಮುಂದಿನ ಸಲ ಯಾವುದಾದರೂ ಕಾರ್ಖಾನೆ ಉದ್ಘಾಟನೆಯನ್ನು ಟಿವಿಯಲ್ಲಿ ನೋಡುವಾಗ ರಿಬ್ಬನ್ ಕತ್ತರಿಸುವವರನ್ನು ಬಿಟ್ಟು ಹಿಂದೆ ನೋಡಿ. ಗೋಡೆಗೆ ಒರಗಿ, ಎಣ್ಣೆ ಮೆತ್ತಿದ ಕೈಯನ್ನು ವೇಸ್ಟ್ ಬಟ್ಟೆಗೆ ಒರೆಸಿಕೊಳ್ಳುತ್ತಾ ಒಬ್ಬ ನಿಂತಿರ್ತಾನೆ, ಬಟನ್ ಒತ್ತಿದಾಗ ಯಂತ್ರ ಓಡುತ್ತೋ ಇಲ್ಲವೋ ಅಂತ ಉಸಿರು ಬಿಗಿಹಿಡಿದು. ಕ್ಯಾಮೆರಾ ಆ ಕಡೆ ತಿರುಗಿಸೋದು ನಮ್ಮ ಕೆಲಸ. ಅವನ ಹೆಸರೇನು ಅಂತ ಕೇಳೋದು ನಿಮ್ಮದೂ ಹೌದು.